ಪ್ರಾರಬ್ಧದ ಪಾಠ

ಜಯನಗರ ನಾಲ್ಕನೇ ಟಿ ಬ್ಲಾಕಿನ ರಾಮಪ್ರಸಾದರು ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ, ನಿವೃತ್ತರಾದ ಮೇಲೆ ವೇದಾಂತಕ್ಕೆ ಕೈ ಹಾಕಿದವರು. ಪ್ರತಿ ಗುರುವಾರ ಸಂಜೆ ಮನೆಯ ಹಜಾರದಲ್ಲಿ ಇಪ್ಪತ್ತು ಜನಕ್ಕೆ ಪಾಠ. ವಾರಕ್ಕೊಂದು ಶಬ್ದ: ಧರ್ಮ, ಮಾಯೆ, ವೈರಾಗ್ಯ, ಮೋಕ್ಷ. ಆಮ್ಲ, ಪ್ರತ್ಯಾಮ್ಲ ಬಿಡಿಸಿ ಹೇಳಿದ ಹಾಗೆಯೇ ಇವನ್ನೂ ಬಿಡಿಸಿ ಹೇಳುತ್ತಿದ್ದರು, ಅನುಮಾನಕ್ಕೆ ಎಡೆಯೇ ಇಲ್ಲ. ಅನುಮಾನವಿಲ್ಲದ ಮೇಷ್ಟ್ರೆಂದರೆ ಜನಕ್ಕೆ ಇಷ್ಟ. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಉಬ್ಬುತ್ತಲೂ ಇದ್ದರು.

ಆ ಶುಕ್ರವಾರ ಬೆಳಿಗ್ಗೆ ಹಂಸಾ ಬಂದಳು. ಪಾಠದಲ್ಲಿ ಯಾವಾಗಲೂ ಮುಂದಿನ ಸಾಲಿನಲ್ಲಿ ಕೂತು ಒಂದಕ್ಷರ ಬಿಡದೆ ಬರೆದುಕೊಳ್ಳುವ ಸೀತಾಲಕ್ಷ್ಮಿಯವರ ಮಗಳು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ಅಂಕಲ್, ಅಮ್ಮಂಗೆ ಎದೇಲಿ ಗಂಟಾಗಿದೆ. ಕ್ಯಾನ್ಸರ್. ಆಪರೇಷನ್ ಮಾಡಿದ್ರೆ ವಾಸಿಯಾಗತ್ತೆ ಅಂತ ಡಾಕ್ಟ್ರು ಹೇಳಿ ನಾಲ್ಕು ತಿಂಗಳಾಯ್ತು. ಅಮ್ಮ ಒಪ್ತಾನೇ ಇಲ್ಲ. ಪ್ರಾರಬ್ಧವಂತೆ. ನೀವೇ ಹೇಳಿದ್ದಂತೆ."

ಹೇಳಿದ್ದು ನಿಜ. ಹಿಂದಿನಿಂದ ಕೂಡಿಬಂದ ಕರ್ಮ ಸಂಚಿತ, ಈಗ ಮಾಡಿ ಮುಂದೆ ಫಲ ಕೊಡುವುದು ಆಗಾಮಿ, ಈಗಾಗಲೇ ಫಲ ಕೊಡಲು ಶುರುಮಾಡಿದ್ದು ಪ್ರಾರಬ್ಧ. ಅದು ಬಿಲ್ಲಿನಿಂದ ಬಿಟ್ಟ ಬಾಣ, ಜ್ಞಾನಿಯೂ ಅನುಭವಿಸಿಯೇ ತೀರಬೇಕು, ಎಂದಿದ್ದರು. ಎಲ್ಲರೂ ತಲೆದೂಗಿದ್ದರು.

"ಬರೋ ಸೋಮವಾರಕ್ಕೆ ಇನ್ನೊಂದ್ಸಲ ಡೇಟ್ ಕೊಟ್ಟಿದಾರೆ. ಇದೂ ತಪ್ಪಿದ್ರೆ ಏನೂ ಹೇಳಕ್ಕಾಗಲ್ಲ ಅಂದ್ರು. ನನ್ ಮಾತು ಕೇಳಲ್ಲ ಅಂಕಲ್. ನಿಮ್ ಮಾತು ಕೇಳ್ತಾಳೆ."

ರಾಮಪ್ರಸಾದರ ಎದೆ ಧಸಕ್ಕೆಂದಿತು. ಎರಡು ವರ್ಷದ ಹಿಂದೆ ಅದೇ ಎದೆಯನ್ನು ಸೀಳಿ ಬೈಪಾಸ್ ಮಾಡಿದ್ದರು. ಪಾಠಕ್ಕೆ ಬರುವವರಿಗೆ ಮಾತ್ರ ಇವರು ಬದರಿ ಯಾತ್ರೆ ಎಂದು ಹೇಳಿದ್ದರು. ದೇಹ ನಾನಲ್ಲ ಎಂದು ವಾರವಾರವೂ ಸಾರುವವರು ದೇಹ ಹಿಡಿದುಕೊಂಡು ಆಸ್ಪತ್ರೆಗೆ ಓಡಿದರೆಂದು ಗೊತ್ತಾದರೆ ಮರ್ಯಾದೆ ಉಳಿಯುವುದುಂಟೇ? ಎರಡು ತಿಂಗಳ ಮೇಲೆ ಸೊರಗಿ ಬಂದವರನ್ನು ಕಂಡು ಸೀತಾಲಕ್ಷ್ಮಿಯವರೇ "ಮುಖದಲ್ಲಿ ತಪಸ್ಸಿನ ಕಳೆ ಬಂದಿದೆ ಗುರುಗಳೇ" ಎಂದು ಕಾಲಿಗೆ ಬಿದ್ದಿದ್ದರು. ಮಹಾನುಭಾವರು ಬೀಳಿಸಿಕೊಂಡಿದ್ದರು.

ಹಂಸಾಳ ಜೊತೆ ಆಟೊ ಹತ್ತಿ ಪುಟ್ಟೇನಹಳ್ಳಿಯ ಅವರ ಮನೆಗೆ ಹೋದರು. ದಾರಿಯುದ್ದಕ್ಕೂ ವಾದ ಹೊಸೆದರು. ನಿಜ ಹೇಳದೆಯೇ ಕೆಲಸವಾದರೆ ಸಾಕಪ್ಪ ಎನ್ನುವುದೇ ಪ್ರಾರ್ಥನೆ.

"ಸೀತಾಲಕ್ಷ್ಮಿಯವರೇ, ಚಿಕಿತ್ಸೆ ಮಾಡಿಸ್ಕೊಳ್ಳೋದು ಪುರುಷಪ್ರಯತ್ನ. ಅದೂ ಕರ್ಮವೇ," ಎಂದರು.

ಆಕೆ ನೋಟ್‌ಬುಕ್ ತೆಗೆದರು. "ಪುರುಷಪ್ರಯತ್ನ ಆಗಾಮಿಗೆ ಮಾತ್ರ, ಪ್ರಾರಬ್ಧಕ್ಕೆ ನಾಟೋದಿಲ್ಲ. ಮಾರ್ಚ್ ಹದಿನಾಲ್ಕನೇ ತಾರೀಖು ನೀವೇ ಹೇಳಿದ್ದು ಗುರುಗಳೇ."

"ದೇಹ ಕಾಪಾಡಿಕೊಳ್ಳೋದು ಧರ್ಮ ಅಲ್ವೇ?"

ಹಾಳೆ ತಿರುವಿದರು. "ದೇಹಾಭಿಮಾನವೇ ಅವಿದ್ಯೆ. ಇದನ್ನ ಕೆಂಪು ಶಾಯೀಲಿ ಬರ್ಕೊಂಡಿದೀನಿ."

ಹಂಸಾ ಬಾಗಿಲಿಗೆ ಒರಗಿ ರಾಮಪ್ರಸಾದರನ್ನೇ ನೋಡುತ್ತಿದ್ದಳು. ನಿಜ ಹೇಳಿದರೆ ಗುರುವಾರದ ಗೌರವ ಹೋಗುತ್ತದೆ. ಹೇಳದಿದ್ದರೆ ಈ ಜೀವ ಹೋಗುತ್ತದೆ. ಇದರಲ್ಲಿ ಯೋಚಿಸುವುದು ಏನಿದೆ? ಆದರೂ ಒಂದು ನಿಮಿಷ ಯೋಚಿಸಿದರು, ಯೋಚಿಸಿದ್ದಕ್ಕೆ ಅವರ ಮೇಲೆ ಅವರಿಗೇ ಅಸಹ್ಯವಾಯಿತು.

ಜುಬ್ಬದ ಗುಂಡಿ ಬಿಚ್ಚಿದರು. ಕತ್ತಿನ ಬುಡದಿಂದ ಕೆಳಗಿಳಿದ ಹೊಲಿಗೆಯ ಗುರುತು ಕಂಡಿತು.

"ನಾನು ಬದರಿಗೆ ಹೋಗಿರ್ಲಿಲ್ಲ. ಹಾರ್ಟ್ ಆಪರೇಷನ್ ಮಾಡಿಸ್ಕೊಂಡೆ. ನಿಮಗೆಲ್ಲ ಸುಳ್ಳು ಹೇಳ್ದೆ."

ಬೈಯುತ್ತಾರೆ, ನೋಟ್‌ಬುಕ್ ಎಸೆಯುತ್ತಾರೆ ಎಂದುಕೊಂಡಿದ್ದರು. ಸೀತಾಲಕ್ಷ್ಮಿ ಎರಡೂ ಮಾಡಲಿಲ್ಲ. ಆ ಗುರುತನ್ನೇ ನೋಡಿದರು.

"ತುಂಬಾ ನೋವಾಯ್ತಾ?" ಗುರುಗಳೇ ಎನ್ನಲಿಲ್ಲ.

"ಆಯ್ತು. ಒಳಗೆ ಕರ್ಕೊಂಡು ಹೋಗೋಕ್ ಮುಂಚೆ ಹೆದರಿ ಅತ್ತುಬಿಟ್ಟೆ. ನರ್ಸ್ ಕೈ ಗಟ್ಟಿಯಾಗಿ ಹಿಡ್ಕೊಂಡೋನು ಬಿಡ್ಲೇ ಇಲ್ಲ."

ಆಕೆ ನೋಟ್‌ಬುಕ್ ಮುಚ್ಚಿಟ್ಟರು. "ನಂಗೂ ಹೆದ್ರಿಕೆ. ಪೂರ್ತಿ ತೆಗೆದುಬಿಡ್ತಾರಂತೆ. ಆಮೇಲೆ ಕನ್ನಡಿ ಮುಂದೆ ಹೇಗೆ ನಿಂತ್ಕೊಳ್ಳಲಿ? ಹೆದ್ರಿಕೆ ಅಂತ ಹೇಳಕ್ಕೆ ನಾಚಿಕೆ ಆಗೋದು. ಪ್ರಾರಬ್ಧ ಅಂದ್ರೆ ಎಲ್ರೂ ಸುಮ್ನಾಗೋರು." ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಹಂಸಾ ಬಂದು ತಬ್ಬಿಕೊಂಡಳು. ಅಳು ನಿಂತ ಮೇಲೆ ಸೋಮವಾರ ಆಸ್ಪತ್ರೆಗೆ ಹೋಗಲು ಒಪ್ಪಿದರು.

ರಾಮಪ್ರಸಾದರಿಗೆ ಮನಸ್ಸು ಹಗುರವಾಯಿತು. ಮರ್ಯಾದೆ ಹೋದರೆ ಹೋಯಿತು, ಒಂದು ಜೀವ ಉಳಿಸಿದೆನಲ್ಲ ಎನ್ನುವ ಸಣ್ಣ ಜಂಬವೂ ಮೂಡಿತು. ಹಳೆಯ ಚಾಳಿ ಅಷ್ಟು ಬೇಗ ಎಲ್ಲಿ ಹೋಗುತ್ತದೆ! ಹಂಸಾ ಗೇಟಿನವರೆಗೆ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದು ನಿಂತರು.

"ಮೊದಲು ಡಾಕ್ಟ್ರಿಗೆ ತೋರಿಸಿದಾಗ ಗಂಟು ಕಡ್ಲೆಕಾಳಷ್ಟಿತ್ತು ಅಂಕಲ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಈಗ ಕಂಕುಳಿಗೂ ಹಬ್ಬಿದೆ. ಅಮ್ಮಂಗೆ ಇನ್ನೂ ಹೇಳಿಲ್ಲ. ಈ ನಾಲ್ಕು ತಿಂಗಳು ಯಾರ ಪ್ರಾರಬ್ಧ?"

ಉತ್ತರಕ್ಕೆ ಕಾಯದೆ ಅಮ್ಮನ ಹತ್ತಿರ ಹೋದಳು. ರಾಮಪ್ರಸಾದರು ಗೇಟು ಹಿಡಿದುಕೊಂಡು ನಿಂತೇ ಇದ್ದರು. ಆಟೊದವನೊಬ್ಬ ಗಾಡಿ ನಿಧಾನಿಸಿ "ಎಲ್ಲಿಗೆ ಸಾರ್?" ಎಂದು ಎರಡು ಸಲ ಕೇಳಿ ಹೊರಟುಹೋದ.