ಈರಕ್ಕನ ಸಾಕ್ಷಿ

ಚಂದನಾ ತೀರಿಹೋದ ಅವ್ವ ಈರಕ್ಕನ ಪಾದ ಒರೆಸುತ್ತಿದ್ದಾಗ ಅಂಗಳದಲ್ಲಿ ಹೆಂಗಸರ ಅಳು ತಟ್ಟನೆ ನಿಂತಿತು.

"ನಿಮ್ಮ ಮಾವ ಜಂಬಯ್ಯ ಬಂದಾನ," ಪಕ್ಕದ ಮನೆಯ ನಾಗಕ್ಕ ಬಾಗಿಲಿಗೆ ಬಂದು ಪಿಸುಗುಟ್ಟಿದಳು. "ಅಲ್ಲೇ ನಿಮ್ಮ ಕಾಕ ಹುಲುಗಪ್ಪನೂ ಅದಾನ. ಏನ್ ಮಾಡೋದವ್ವಾ?"

"ಇಬ್ರೂ ಒಳಗ ಬರ್ಲಿ. ಅವ್ವ ಯಾರನ್ನೂ ಬಿಟ್ಟಾಕಿ ಅಲ್ಲ."

ಈರಕ್ಕನ ಅಣ್ಣನೂ ಮೈದುನನೂ ಒಂದೇ ಸೂರಿನ ಕೆಳಗೆ ನಿಲ್ಲದೆ ಒಂಬತ್ತು ವರ್ಷವಾಗಿತ್ತು.

*

ಚಿಗಟೇರಿಯ ಹೊರಗೆ ಇಬ್ಬರ ಹೊಲವೂ ಅಕ್ಕಪಕ್ಕ. ಒಂಬತ್ತು ವರ್ಷದ ಹಿಂದೆ ಒಂದು ಮುಂಜಾನೆ ಜಂಬಯ್ಯ ಗಡಿಗಲ್ಲು ಕಿತ್ತು ಹುಲುಗಪ್ಪನ ಹೊಲದೊಳಗೆ ನೆಟ್ಟ. ಜಗಳವಾಯಿತು. ಜಂಬಯ್ಯ ಕೊಡಲಿ ಎತ್ತಿ ಕೊಲ್ಲಲು ಬಂದನೆಂದು ಹುಲುಗಪ್ಪ ದೂರು ಕೊಟ್ಟ. ಎಲ್ಲವನ್ನೂ ಕಂಡವಳು ಅಲ್ಲೇ ಕಳೆ ತೆಗೆಯುತ್ತಿದ್ದ ಈರಕ್ಕ ಒಬ್ಬಳೇ.

ತಾಯಿಯಿಲ್ಲದ ಅವಳನ್ನು ಸಾಕಿದವನು ಅಣ್ಣ. ಗಂಡ ಸತ್ತಾಗ ಮನೆ ಬಿಟ್ಟುಕೊಟ್ಟವನು ಮೈದುನ. ಇಬ್ಬರೂ ಬಂದು ಕೂತು, ನಮ್ಮ ಕಡೆ ಹೇಳು ಎಂದರು. ಸಮನ್ಸ್ ಬಂದ ಮೇಲೆ ಅವಳಿಗೆ ಊಟ ಸೇರದಾಯಿತು. ತಾನು ಅಡುಗೆ ಮಾಡುತ್ತಿದ್ದ ಶಾಲೆಯ ಬಿಸಿಯೂಟದ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಒಂದು ದಿನ ಒಲೆಯ ಮುಂದೆ ಕೂತವಳಿಗೆ ಏಳಲಾಗಲಿಲ್ಲ.

"ಯಾರ ಕಡಿ ನಿಲ್ಲಲಿ ಹೇಳ್ರಿ," ಎಂದು ತಾನು ಹೋಗುವ ಚರ್ಚಿನ ಪಾಸ್ಟರರನ್ನು ಕೇಳಿದಳು.

"ನನ್ನ ಕೇಳಬ್ಯಾಡ್ರಿ. ವಾಕ್ಯ ಹಿಡೀರಿ, ಪ್ರಾರ್ಥನಿ ಬಿಡಬ್ಯಾಡ್ರಿ."

ಚಿಂತೆಯನ್ನೆಲ್ಲ ದೇವರ ಮೇಲೆ ಹಾಕು ಎನ್ನುವ ಬೈಬಲಿನ ಒಂದು ಸಣ್ಣ ವಾಕ್ಯವನ್ನು ಅವಳು ಹಿಡಿದಳು. ಮೊದಮೊದಲು ಅದು ಬರೀ ಬಾಯಿಪಾಠ. ಮೂರನೆಯ ವಾರ ಬೇಳೆ ಆರಿಸುತ್ತ ಅದನ್ನೇ ಮೆಲುಕು ಹಾಕುತ್ತಿದ್ದಾಗ ಕೈ ನಿಂತಿತು. ಇಷ್ಟು ದಿನ ತಾನು ಕೇಳಿದ್ದು ಇಬ್ಬರಲ್ಲಿ ಯಾರನ್ನು ಬಿಡಲಿ ಎಂದು. ಕಂಡದ್ದನ್ನೇ ಹೇಳಿದರೆ ಯಾರನ್ನೂ ಬಿಡಬೇಕಿಲ್ಲ ಎಂಬುದು ಈಗ ಹೊಳೆಯಿತು.

"ಯೇಸಪ್ಪಾ, ನಾ ನಿನ್ನ ಕಡಿ," ಎಂದಳು. "ಇಬ್ಬರ ಸಿಟ್ಟನ್ನೂ ನೀನ ನೋಡ್ಕೋ."

ಆ ದಿನ ಅವಳು ಹೊಟ್ಟೆ ತುಂಬ ಉಂಡಳು.

ಹರಪನಹಳ್ಳಿಯ ಕೋರ್ಟಿನಲ್ಲಿ ಅವಳ ದನಿ ನಡುಗಲಿಲ್ಲ. "ಕಲ್ಲು ಸರಿಸಿದ್ದು ನಮ್ಮಣ್ಣನ ರೀ. ಆದರ ಅವನ ಕೈಯಾಗ ಕೊಡಲಿ ಇರ್ಲಿಲ್ಲ. ನಮ್ಮ ಮೈದುನ ಹೇಳಿದ್ದು ಸುಳ್ಳು."

ಅಣ್ಣನಿಗೆ ನೆಲ ಹೋಯಿತು, ಮೈದುನನಿಗೆ ಮಾನ. ಇಬ್ಬರೂ ಅವಳ ಜೊತೆ ಮಾತು ಬಿಟ್ಟರು. ಈರಕ್ಕ ಮಾತ್ರ ಭಾನುವಾರದ ಪ್ರಾರ್ಥನೆ ಮುಗಿಸಿ ಒಂದು ವಾರ ಅಣ್ಣನ ಮನೆ, ಮರುವಾರ ಮೈದುನನ ಮನೆ ಎಂದು ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದಳು. ನೀರು ಕೊಟ್ಟರೆ ಕುಡಿಯುವಳು. ಕೊಡದಿದ್ದರೆ, "ಎಲ್ರೂ ಆರಾಮ ಅದೀರಲ್ಲ?" ಎಂದು ಕೇಳಿ ಎದ್ದು ಬರುವಳು. ಒಂಬತ್ತು ವರ್ಷ ಒಂದು ವಾರವೂ ತಪ್ಪಿಸಲಿಲ್ಲ.

*

"ನಂಗ ಜೈಲು ತಪ್ಪಿಸಿದಾಕಿ ಇಕಿ," ತಂಗಿಯ ಪಕ್ಕ ಕುಸಿದ ಜಂಬಯ್ಯ ಹೇಳಿದ. "ಒಂದ್ ದಿನಾನೂ ಅದನ್ನ ಇಕಿ ಮುಂದ ಅನ್ನಲಿಲ್ಲ ನಾನು."

ಹುಲುಗಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ. "ಅತ್ತಿಗಿ ನನ್ನ ಸುಳ್ಳು ಬಯಲು ಮಾಡಿದ್ಲು. ಆಮ್ಯಾಲೂ ನಮ್ಮ ಮನಿಗೆ ಬರೋದು ಬಿಡ್ಲಿಲ್ಲ ನೋಡು, ಚಂದನಾ."

ಕುಣಿಯ ಬಳಿ ಪಾಸ್ಟರ್ ಪ್ರಾರ್ಥನೆ ಮುಗಿಸಿದರು. ಚಂದನಾ ಪೆಟ್ಟಿಗೆಯ ತಲೆಯ ಕಡೆಯ ಹಗ್ಗದ ಒಂದು ತುದಿಯನ್ನು ಮಾವನ ಕೈಗೆ, ಇನ್ನೊಂದನ್ನು ಕಾಕನ ಕೈಗೆ ಕೊಟ್ಟಳು. ಇಬ್ಬರೂ ಒಲ್ಲೆ ಎನ್ನಲಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಪೆಟ್ಟಿಗೆ ಹುಲುಗಪ್ಪನ ಕಡೆ ವಾಲಿತು.

"ತುಸು ಬಿಗಿ ಹಿಡಿಯಪಾ, ಹುಲುಗಪ್ಪ," ಎಂದ ಜಂಬಯ್ಯ.

"ಹಿಡದೀನಿ. ಈಗ ನೀವು ತುಸು ಸಡಿಲ ಬಿಡ್ರಿ."

ಹಗ್ಗ ಇಬ್ಬರ ಅಂಗೈಯನ್ನೂ ಉಜ್ಜುತ್ತ ಜಾರಿತು. ಪೆಟ್ಟಿಗೆ ಯಾವ ಕಡೆಗೂ ವಾಲದೆ, ಕೆಂಪು ಮಣ್ಣಿನ ಮೇಲೆ ಸಮನಾಗಿ ಕೂತಿತು.