ಮರಳಿನ ಚೀಲಕ್ಕೆ ಸೀಟ್ ಬೆಲ್ಟ್

ಅಪ್ಪ ಟೈಲರ್. ಬಟ್ಟೆ ಹೊಲಿಯುವವರಿಗೆ ಕಾರಿನ ಎಂಜಿನ್ ಬಿಚ್ಚುವ ಉಸಾಬರಿ ಯಾಕೆ ಎಂದು ಕೇಳಿ ಕೇಳಿ ನನಗೆ ಸಾಕಾಗಿದೆ.

ಅಮ್ಮನಿಗೆ ತೋರಿಸುವ ಆಸ್ಪತ್ರೆ ಇರುವುದು ಗುಡ್ಡದ ಮೇಲೆ. ಹೋದ ತಿಂಗಳು ನಮ್ಮ ಮೂವರನ್ನು ಹೊತ್ತ ಹಳೇ ಕಾರು ಅರ್ಧ ಏರಿಗೇ ಉಸಿರು ಕಟ್ಟಿ ನಿಂತುಬಿಟ್ಟಿತು. ಹಿಂದಿನ ಲಾರಿಯವನು ಹಾರ್ನ್ ಒತ್ತುವುದನ್ನು ನಿಲ್ಲಿಸಲೊಲ್ಲ. ಅಮ್ಮ ಇಳಿದು, ರಸ್ತೆ ಬದಿಯ ಗೋಡೆ ಹಿಡಿದುಕೊಂಡು, ಉಳಿದದ್ದನ್ನು ನಡೆದೇ ಹತ್ತಿದಳು. ಅವತ್ತಿನಿಂದ ಅಪ್ಪನಿಗೆ ಒಂದೇ ಹಠ, ಕಾರಿನ ಶಕ್ತಿ ಹೆಚ್ಚಿಸಬೇಕು. ಟ್ಯಾಕ್ಸಿ ಎಂದರೆ ಹರಿಹಾಯುತ್ತಾರೆ.

"ಎಂಜಿನ್ನೂ ಮನುಷ್ಯರ ಥರಾನೇ ಕಣಮ್ಮ. ಚೆನ್ನಾಗಿ ಉಸಿರಾಡಿದ್ರೆ ಶಕ್ತಿ ತಾನಾಗೇ ಬರುತ್ತೆ," ಎಂದು ಏರ್ ಫಿಲ್ಟರಿನ ಡಬ್ಬಿ ಕಿತ್ತು ತೆರೆದ ಫಿಲ್ಟರ್ ಹಾಕಿದರು. ಎಂಜಿನ್ ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಎಳೆದುಕೊಂಡು ಇನ್ನಷ್ಟು ಮಂಕಾಯಿತು. ಆಮೇಲೆ ಸೈಲೆನ್ಸರಿಗೆ ದಪ್ಪ ಪೈಪು. ಸದ್ದಿಗೆ ಬೀದಿಯೆಲ್ಲ ಬಾಗಿಲಿಗೆ ಬಂತು, ಎಳೆತ ಮಾತ್ರ ಮೊದಲಿಗಿಂತ ಕಡಿಮೆ. ಆಮೇಲೆ ಎಂಜಿನ್ನಿನ ಕವಾಟ ಆಡಿಸುವ ಕ್ಯಾಮ್‌ಶಾಫ್ಟ್ ತೆಗೆದು ರೇಸ್ ಕಾರಿನದು. ವೇಗ ಹಿಡಿದ ಮೇಲೆ ಕಾರು ಹಾರುತ್ತಿತ್ತು ನಿಜ, ಆದರೆ ಏರಿನಲ್ಲಿ ವೇಗ ಹಿಡಿಯುವುದು ಹೇಗೆ? ಕೊನೆಗೆ, ತೂಕ ಇಳಿದರೂ ಶಕ್ತಿ ಹೆಚ್ಚಿದ ಹಾಗೇ ಎಂದು ಹಿಂದಿನ ಸೀಟು, ಸ್ಟೆಪ್ನಿ ಎಲ್ಲ ಬಿಚ್ಚಿ ನಡುಮನೆಯಲ್ಲಿ ಪೇರಿಸಿದರು. ದಿನಾ ಬೆಳಿಗ್ಗೆ ಸ್ಟೆಪ್ನಿ ಎಡವಿಯೇ ನಾನು ಕೆಲಸಕ್ಕೆ ಹೋಗುವುದು.

ಅಮ್ಮನ ಮುಂದಿನ ತಪಾಸಣೆಯ ಹಿಂದಿನ ದಿನ. ಸಂಜೆ ಅಪ್ಪ ಏರು ಹತ್ತಿಸಲು ಹೋಗಿ ಮತ್ತೆ ಅರ್ಧದಿಂದಲೇ ವಾಪಸ್ಸು ಬಂದರು. ಪಕ್ಕದ ಸೀಟಿನಲ್ಲಿ ಬೆಲ್ಟ್ ಕಟ್ಟಿದ ಮರಳಿನ ಚೀಲ.

"ಇದೇನಪ್ಪಾ ಹೊಸ ಅವತಾರ?"

"ನಿಮ್ಮಮ್ಮನ ತೂಕ. ಅವಳನ್ನೇ ಕೂರಿಸ್ಕೊಂಡು ಪರೀಕ್ಷೆ ಮಾಡಿ, ಕಾರು ನಿಂತ್ರೆ ಮತ್ತೆ ನಡೆಸ್ಲಾ?"

"ಎಷ್ಟು ಹಾಕಿದ್ದೀರಿ?"

"ಎಪ್ಪತ್ತು ಕೆಜಿ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಅದು ಕಾಯಿಲೆಗೆ ಮುಂಚಿನ ತೂಕ ಅಪ್ಪಾ! ಕಣ್ಣು ಕಾಣ್ಸಲ್ವಾ ನಿಮಗೆ?"

ತಿರುಗಿದರೆ ಬಾಗಿಲಲ್ಲಿ ಅಮ್ಮ. ನಾಲಿಗೆ ಕಚ್ಚಿಕೊಂಡೆ.

"ನಾನೀಗ ಅಷ್ಟಿಲ್ಲ ಕಣ್ರೀ," ಎಂದಳು.

ಅಮ್ಮನ ಬಟ್ಟೆಗಳನ್ನೆಲ್ಲ ಎರಡೆರಡು ಸಲ ಬಿಚ್ಚಿ ಚಿಕ್ಕದು ಮಾಡಿ ಹೊಲಿದುಕೊಟ್ಟವರು ಅಪ್ಪನೇ. ನೋಡಿದರೇ ಅಳತೆ ಹೇಳುವ ಮನುಷ್ಯ. ಗೊತ್ತಿಲ್ಲದೆ ಅಲ್ಲ, ಒಪ್ಪಿಕೊಳ್ಳಲಾಗದೆ ಎಪ್ಪತ್ತು ಹಾಕಿದ್ದರು.

ಅಮ್ಮ ತೂಕದ ಯಂತ್ರ ತಂದು ಹತ್ತಿ ನಿಂತು ಅಂಕಿ ಓದಿದಳು. ಅಪ್ಪ ಚೀಲದ ಬಾಯಿ ಬಿಚ್ಚಿ ಮಗ್ಗಿನಲ್ಲಿ ಮರಳು ತೆಗೆಯತೊಡಗಿದರು. ಆಗಾಗ ಚೀಲವನ್ನು ಯಂತ್ರದ ಮೇಲಿಟ್ಟು, "ಸಾಕಾ?" ಎಂದು ಕೇಳುತ್ತಿದ್ದರು.

"ಇನ್ನೂ ತೆಗೀರಿ," ಎನ್ನುತ್ತಿದ್ದಳು ಅಮ್ಮ.

ಚೀಲ ಕುಸಿಯುತ್ತಾ ಹೋಯಿತು. ಅಪ್ಪ ಅದನ್ನು ಮತ್ತೆ ಸೀಟಿನಲ್ಲಿ ಕೂರಿಸಿ, ಸಡಿಲವಾದ ಬೆಲ್ಟನ್ನು ಬಿಗಿ ಮಾಡಿಕೊಂಡು ಹೊರಟರು.

ಬೇಗನೇ ಹಿಂತಿರುಗಿದರು.

"ಹತ್ತಿತಾ?" ಅಮ್ಮ ಕೇಳಿದಳು.

"ಹತ್ತಿತು. ಎಲ್ಲೂ ನಿಲ್ಲಲಿಲ್ಲ."

"ಮತ್ತೆ? ನಾಳೆ ನಾನು ನಡೀಬೇಕಾಗಿಲ್ಲ."

ಅಪ್ಪ ಎಂಜಿನ್ ಆರಿಸಿದರು, ಆದರೆ ಕಾರಿನಿಂದ ಇಳಿಯಲಿಲ್ಲ. ಒಂದು ಕೈ ಇನ್ನೂ ಚೀಲದ ಮೇಲೇ ಇತ್ತು.