ನೀರು ಬಿಡುವವನ ಬಲಗೈ

ನಮ್ಮ ಬೀದಿಗೆ ನೀರು ಬಿಡುವವನ ಬಲಗೈ ಮುರಿದವಳು ನಾನು. ಹೊಡೆದದ್ದು ಇಡೀ ಬೀದಿ. ಆದರೆ ತುಂಬಿದ ಹಿತ್ತಾಳೆ ಕೊಡವನ್ನೆತ್ತಿ ಅವನ ಮೊಣಕೈ ಮೇಲೆ ಕುಕ್ಕಿದ್ದು ನಾನೇ. ಮೂಳೆ ಲಟಕ್ಕೆಂದಿತು. ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಅಷ್ಟು ಉರಿದಿದ್ದೆ. ಹಿಂದಿನ ವಾರ ಮಗಳಿಗೆ ವಾಂತಿಭೇದಿ ಹತ್ತಿ, ಸಂಜೆಯೊಳಗೆ ಕಣ್ಣು ಗುಳಿಬಿದ್ದಿತ್ತು. ಆಸ್ಪತ್ರೆಯಲ್ಲಿ ಮಂಚಕ್ಕೆ ಮೂರು ಮಕ್ಕಳು. ಸಲೈನ್ ಬಾಟಲಿ ನಾವೇ ಹೊರಗಿನಿಂದ ತರಬೇಕು. ಗಂಡ ಐದು ದಿನ ಕಾರ್ಖಾನೆಗೆ ಹೋಗಲಿಲ್ಲ. ಆರನೆಯ ದಿನ ಅವನ ಜಾಗದಲ್ಲಿ ಬೇರೆಯವನಿದ್ದ. ನನ್ನ ಹೊಲಿಗೆ ಯಂತ್ರ ಮಾರಿದೆವು. ಮಗಳು ಬದುಕಿ ಬಂದಳು, ಮನೆ ಗುಡಿಸಿ ಗುಂಡಾಂತರವಾಗಿತ್ತು.

ಅಂಥ ಒಂದು ಬೆಳಿಗ್ಗೆ, ಚರಂಡಿ ನಾರುವ ನೀರಿಗೆ ನಾವು ಸಾಲು ನಿಂತಿದ್ದಾಗ, ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಅವನು ಬಂದ.

"ಬಂದ್ರಲ್ಲಾ ಸಾಹೇಬ್ರು, ವಿಷ ಸರಿಯಾಗಿ ಬರ್ತಿದೆಯಾ ಅಂತ ನೋಡೋಕೆ!" ಎಂದೆ.

"ಅಕ್ಕಾ, ಒಂದ್ನಿಮಿಷ ಕೇಳಿ..."

ಕೇಳುವವರಾರು? ಗಾರೆ ಕೆಲಸದವನು ಬಾಯಿಗೇ ಗುದ್ದಿದ. ಹಲ್ಲು ಉದುರಿತು, ಮಾತು ಅಲ್ಲಿಗೇ ನಿಂತಿತು. ಇಟ್ಟಿಗೆ, ಚಪ್ಪಲಿ, ಪೊರಕೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ಬಾರಿಸಿದರು. ಬಿದ್ದವನ ಪಕ್ಕೆಗೆ ಒದ್ದರು. ನನ್ನ ಕೊಡದ ಸರದಿ ಕೊನೆಗೆ. ಆಮೇಲೆ ಕೀಲಿಯನ್ನು ಎಳೆದುಕೊಂಡು ಹೋಗಿ ಗುಜರಿಗೆ ಹಾಕಿ, ಬಂದ ದುಡ್ಡಿನಲ್ಲಿ ಮಗಳಿಗೆ ಓಆರ್‌ಎಸ್ ಪೊಟ್ಟಣ ತಂದೆ. ಕಾಯಿಸಲು ಗ್ಯಾಸ್ ಇರಲಿಲ್ಲ. ಅದೇ ನೀರಿನಲ್ಲಿ ಕದಡಿ ಕುಡಿಸಿದೆ. ಲೋಟದ ತಳದಲ್ಲಿ ಉಳಿದದ್ದನ್ನು ಹತ್ತು ತಿಂಗಳ ಮಗ ಚಪ್ಪರಿಸಿದ.

ಮೂರನೆಯ ದಿನ ಮಗನನ್ನು ಎತ್ತಿಕೊಂಡು ಅದೇ ಆಸ್ಪತ್ರೆಗೆ ಓಡಿದೆ. ಅವನನ್ನು ಒಳಗೆ ಮಲಗಿಸಿ ಬಂದರೆ, ಹೊರಗಿನ ಬೆಂಚಿನ ಮೇಲೆ ನೀರು ಬಿಡುವವನು ಕೂತಿದ್ದ, ಕೈಗೆ ಪ್ಲಾಸ್ಟರು, ತುಟಿಗೆ ಹೊಲಿಗೆ.

"ಚರಂಡಿ ನೀರು ಸೇರೋ ಪೈಪು ಸಿಕ್ಕಿತ್ತು ಅಕ್ಕಾ," ಎಂದು ತೊದಲಿದ. "ಅವತ್ತು ಅದರ ವಾಲ್ವ್ ಮುಚ್ಚೋಕೇ ಬಂದಿದ್ದೆ. ಕೆಲಸದವರನ್ನ ಹೊಡೆಯೋ ಬೀದಿಗೆ ಈಗ ಬದಲಿ ಆಳು ಯಾರೂ ಬರಲ್ಲ ಅಂತಿದಾರೆ. ಕೀಲಿ ಎಲ್ಲಿದೆ ಹೇಳಿ, ಎಡಗೈಯಲ್ಲೇ ತಿರುಗಿಸ್ತೀನಿ."

ನಾಚಿಕೆಯಿಂದ ಸತ್ತೇಹೋದೆ. ಒಳಗಿನಿಂದ ನರ್ಸ್ ಕೂಗಿದಳು: "ಸಲೈನ್ ತನ್ನಿ, ಬೇಗ!"

ಮನೆಗೆ ಓಡಿದೆ. ಮಾರಲು ಉಳಿದಿದ್ದು ಆ ಹಿತ್ತಾಳೆ ಕೊಡ ಒಂದೇ. ಗುಜರಿಯವನು ಅದರ ನೆಗ್ಗಿನ ಮೇಲೆ ಬೆರಳಾಡಿಸಿ ತೂಗಿದ. ಕೀಲಿ ಅವನ ಕಾಲ ಬಳಿಯೇ ಬಿದ್ದಿತ್ತು.

"ಅದನ್ನ ವಾಪಸ್ ಕೊಡಣ್ಣಾ," ಎಂದೆ.

"ಈ ಕೊಡಕ್ಕೆ ಬದಲು ಕೀಲಿ ಕೊಡ್ತೀನಿ, ಇಲ್ಲಾ ದುಡ್ಡು ಕೊಡ್ತೀನಿ. ಎರಡೂ ಆಗಲ್ಲ ತಾಯಿ."

ದುಡ್ಡು ತೆಗೆದುಕೊಂಡೆ. ನಲ್ಲಿಯ ಮುಂದೆ ಹೆಂಗಸರು ಸಾಲು ನಿಂತಿದ್ದರು, ಕೆಲವರ ಕಂಕುಳಲ್ಲಿ ಮಕ್ಕಳಿದ್ದರು. ಅವರತ್ತ ನೋಡದೆ ಔಷಧಿ ಅಂಗಡಿಗೆ ಓಡಿದೆ.